ಅಯ್ಯನವರ ಅಪ್ಪಣೆ

ಮುಂಬೈಯ ಜೋಗೇಶ್ವರಿ ಪೂರ್ವದಲ್ಲಿ, ಎಷ್ಟೋ ಮಳೆಗಾಲ ಕಂಡರೂ ಬಣ್ಣ ಮಾತ್ರ ಕಾಣದ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಚನ್ನಬಸಯ್ಯ ಹಿರೇಮಠರ ಮನೆ. ಅವರನ್ನು ಹುಡುಕಿಕೊಂಡು ಬರುವವರು ಮನೆಯ ನಂಬರನ್ನಾಗಲಿ ಅವರ ಹೆಸರನ್ನಾಗಲಿ ಹೇಳುತ್ತಿರಲಿಲ್ಲ. ಕೆಳಗಿನ ಪಾನಿನ ಅಂಗಡಿಯ ಮುಂದೆ ನಿಂತು, "ಜಳಕಕ್ಕ ಸೂಟಿ ಕೊಡೋ ಅಯ್ಯಾರ ಮನಿ ಯಾವುದ್ರಿ?" ಎಂದು ಕೇಳುತ್ತಿದ್ದರು. ಪಾನಿನವನು ಬನಾರಸದ ಕಡೆಯವನು. ಕನ್ನಡದಲ್ಲಿ "ಜಳಕ" ಎಂಬ ಒಂದು ಮಾತು ಬಿಟ್ಟು ಬೇರೇನೂ ಅವನಿಗೆ ಬರುತ್ತಿರಲಿಲ್ಲ. ಅದೊಂದು ಕಿವಿಗೆ ಬಿದ್ದರೆ ಸಾಕು, ಬೆರಳನ್ನು ಮೇಲೆ ತೋರಿಸುತ್ತಿದ್ದ.

ಸ್ನಾನಕ್ಕೆ ರಜೆ ಕೊಡುವುದು ಅವರ ಕಸುಬೇನೂ ಅಲ್ಲ. ಕಸುಬು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವುದು. ಮೀಸೆ ಮೂಡುವ ವಯಸ್ಸಿನಲ್ಲಿ ವಿಜಯಪುರದ ಕಡೆಯಿಂದ ಬಂದವರು ರಿಟೈರ್ ಆಗುವವರೆಗೂ ಅದೇ ಕಾರ್ಖಾನೆಯಲ್ಲಿ, ಅದೇ ಕುರ್ಚಿಯಲ್ಲಿ ಇದ್ದರು. ಆದರೆ ಹುಟ್ಟಿದ್ದು ಜಂಗಮರ ಮನೆಯಲ್ಲಿ. ಹಾಗಾಗಿ ರವಿವಾರ ಬಂತೆಂದರೆ ಬಿಳಿ ಅಂಗಿ ತೊಟ್ಟು, ಹಣೆ ತುಂಬ ವಿಭೂತಿ ಧರಿಸಿ, ಊರ ಕಡೆಯ ಲಿಂಗಾಯತರ ಮನೆಗಳಿಗೆ ಅಯ್ಯನವರಾಗಿ ಹೋಗುತ್ತಿದ್ದರು. ದಹಿಸರ್‌ನಲ್ಲಿ ಗೃಹಪ್ರವೇಶ, ವಡಾಲದಲ್ಲಿ ಕೂಸಿಗೆ ಲಿಂಗ ಕಟ್ಟುವುದು, ಇನ್ನೆಲ್ಲೋ ತೀರಿಕೊಂಡವರ ಮಣ್ಣು. ಹೋದಲ್ಲೆಲ್ಲ ಜನ ಮೊದಲು ಕಾಲಿಗೆ ಬೀಳುತ್ತಿದ್ದರು. ಆಮೇಲೆ ಅತ್ತಿತ್ತ ನೋಡಿ ಮೆಲ್ಲಗೆ ಒಂದು ಕಷ್ಟ ತೋಡಿಕೊಳ್ಳುತ್ತಿದ್ದರು.

ಎಲ್ಲರ ಕಷ್ಟವೂ ಒಂದೇ. ಬೆಳಿಗ್ಗೆ ಎದ್ದು ಸ್ನಾನ ಮಾಡಬೇಕು, ಕೊರಳಲ್ಲಿರುವ ಇಷ್ಟಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡು ಪೂಜೆ ಮಾಡಬೇಕು, ಅಲ್ಲಿಯವರೆಗೆ ಬಾಯಿಗೆ ತೊಟ್ಟು ನೀರೂ ಬೀಳಬಾರದು. ಊರಲ್ಲಿ ಇದೊಂದು ಕಷ್ಟವೇ ಅಲ್ಲ. ಮುಂಬೈಯಲ್ಲಿ ನಲ್ಲಿಗೆ ನೀರು ಬರುವ ಹೊತ್ತೇ ಬೇರೆ, ಲೋಕಲ್ ಬರುವ ಹೊತ್ತೇ ಬೇರೆ. ಚಾಳಿನ ಬಚ್ಚಲಿನ ಮುಂದೆ ನಿಂತ ಸಾಲಿಗಂತೂ ದೇವರೂ ಗೊತ್ತಿಲ್ಲ, ದಿಂಡರೂ ಗೊತ್ತಿಲ್ಲ. ಅಯ್ಯನವರು ಇದನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ನ್ಯಾಯಾಧೀಶರ ಗತ್ತಿನಲ್ಲಿ ಅಪ್ಪಣೆ ಕೊಡುತ್ತಿದ್ದರು. ನಸುಕಿನ ಪಾಳಿಯ ಬಸ್ ಡ್ರೈವರ್ ಕಾಶಪ್ಪನಿಗೆ ಪೂಜೆ ಸಂಜೆಗೆ. ಒಂದೇ ಖೋಲಿಯಲ್ಲಿ ಒತ್ತಿಕೊಂಡು ಮಲಗುವ ಹುಡುಗರಿಗೆ ಒದ್ದೆ ಟವೆಲಿನಿಂದ ಮೈ ಒರೆಸಿಕೊಂಡರೆ ಅದೇ ಸ್ನಾನ. ಬಿಲ್ವಪತ್ರೆ ಸಿಗಲಿಲ್ಲ ಎಂದವರಿಗೆ, "ಶಿವ ಎಲಿ ಎಣಸಂಗಿಲ್ಲ, ನೀರು ಹಾಕು ಸಾಕು." ಪ್ರತಿ ಅಪ್ಪಣೆಯ ಕೊನೆಗೂ ಒಂದು ಮಾತು ಇದ್ದೇ ಇರುತ್ತಿತ್ತು: "ಚಿಂತಿ ಮಾಡಬ್ಯಾಡ. ಉಳಿದದ್ದು ನನ್ನ ಮ್ಯಾಲ ಬಿಡು."

ಇಷ್ಟು ಧಾರಾಳಿಗಳು ತಮ್ಮ ವಿಷಯಕ್ಕೆ ಬಂದರೆ ಮಾತ್ರ ಮಹಾ ಜಿಪುಣರು. ಜ್ವರ ಬರಲಿ, ಮಳೆನೀರು ನುಗ್ಗಿ ಬಿಲ್ಡಿಂಗಿನ ಕೆಳಮನೆಗಳು ಮುಳುಗಲಿ, ಪೂಜೆಯಾಗದೆ ಒಂದು ಗುಟುಕು ಚಹಾ ಕುಡಿದವರಲ್ಲ. "ಊರಿಗೆಲ್ಲಾ ಸೂಟಿ, ತಮಗ ಅಷ್ಟ ಡ್ಯೂಟಿ" ಎಂದು ಅವರ ಹೆಂಡತಿ ಅಂಬವ್ವ ಇರುವಷ್ಟು ದಿನವೂ ಗೊಣಗಿ, ಗೊಣಗುವುದರಿಂದ ಏನೂ ಆಗುವುದಿಲ್ಲವೆಂದು ತಿಳಿದುಕೊಂಡೇ ತೀರಿಕೊಂಡಳು.

ಉಳಿದವಳು ಮಗಳು ಸೌಮ್ಯಾ, ಒಬ್ಬಳೇ. ನಲವತ್ತು ದಾಟಿದವಳು, ವಿಮಾನ ನಿಲ್ದಾಣದ ಕಾರ್ಗೋ ಆಫೀಸಿನಲ್ಲಿ ಕೆಲಸ. ಮದುವೆ ಯಾಕಾಗಲಿಲ್ಲವೆಂದು ಕೇಳಿದವರಿಗೆ ಅಯ್ಯನವರು "ಅಕಿನ್ನೇ ಕೇಳ್ರಿ" ಎನ್ನುತ್ತಿದ್ದರು. ಆಕೆಯನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನೇ ಕಟ್ಟಿದ ಲಿಂಗ ಅವಳ ಕೊರಳಲ್ಲಿ ಕೆಲಸಕ್ಕೆ ಸೇರುವವರೆಗೂ ಇತ್ತು. ಅಲ್ಲಿ ಗೇಟಿನ ಯಂತ್ರ ಲಿಂಗದ ಬೆಳ್ಳಿಯ ಕರಡಿಗೆಯನ್ನು ಕಂಡು ದಿನಾ ಕಿರುಚಿಕೊಳ್ಳುತ್ತಿತ್ತು, ಕಾವಲಿನವರು ದಿನಾ ತೆಗೆಸಿ ನೋಡುತ್ತಿದ್ದರು. ಸಾಕಾಗಿ ಹೋಗಿ ಒಂದು ಸಂಜೆ ಅಪ್ಪನ ಮುಂದೆ ಅತ್ತುಬಿಟ್ಟಳು. "ತಗದು ಕಪಾಟಿನ್ಯಾಗ ಇಡು. ಉಳಿದದ್ದು ನನ್ನ ಮ್ಯಾಲ ಬಿಡು" ಎಂದು ಅಪ್ಪ ಅವಳಿಗೂ ಅಪ್ಪಣೆ ಕೊಟ್ಟರು. ಅಂದಿನಿಂದ ಅವಳ ಪೂಜೆಯೆಂದರೆ ದೊಡ್ಡ ಲೋಟದ ತುಂಬ ಚಹಾ. ಅದು ಒಳಗೆ ಹೋಗುವವರೆಗೆ ಅವಳಿಗೆ ಎಡಗಾಲು ಯಾವುದು ಬಲಗಾಲು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಹೋದ ವರ್ಷ ಅಯ್ಯನವರಿಗೆ ಬೆನ್ನು ನೋವು ಶುರುವಾಯಿತು. ಕಾರ್ಖಾನೆಯ ಕುರ್ಚಿಯ ಮೇಲೆ ತಪ್ಪು ಹೊರಿಸಿ ಒಂದಷ್ಟು ದಿನ ತಳ್ಳಿದರು. ಕೊನೆಗೆ ಸೌಮ್ಯಾ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದಾಗ ಮಿಕ್ಕ ರೋಗಿಗಳೆಲ್ಲ ಮುಖ ಸಿಂಡರಿಸಿದರೆ, ಇವರು ಮಾತ್ರ "ಈ ದವಾಖಾನಿಯವರು ಭಾಳ ಆಚಾರವಂತರು" ಎಂದು ಮೆಚ್ಚಿಕೊಂಡರು. ಕ್ಯಾನ್ಸರ್ ಹೊಟ್ಟೆಯೊಳಗೆ ಹುಟ್ಟಿ ಬೆನ್ನಿನ ಎಲುಬಿಗೆ ಇಳಿದಿತ್ತು. ಕೊಯ್ಯುವುದಕ್ಕೂ ಆಗದು, ಕರಗಿಸುವುದಕ್ಕೂ ಆಗದು ಎಂದು ಡಾಕ್ಟರು ಸೌಮ್ಯಾಳನ್ನು ಹೊರಗೆ ಕರೆದು ತಿಳಿಸಿದರು. ಅವಳು ಒಳಗೆ ಬಂದಾಗ ಅಪ್ಪ ವ್ಹೀಲ್‌ಚೇರಿನಲ್ಲಿ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದರು.

"ಡಾಕ್ಟರು ಇಂಗ್ಲೀಷಿನ್ಯಾಗ ಸಣ್ಣ ದನಿಲೇ ಮಾತಾಡಿದ್ರಂದ್ರ ಸುದ್ದಿ ದೊಡ್ಡದೈತಿ ಅಂತ. ಹೌದಿಲ್ಲೋ?" ಎಂದರು.

ಅವಳು ಹೌದೆಂದಳು. ಅವರು ತಲೆಯಾಡಿಸಿ, ಹಾಗಾದರೆ ಮನೆಗೆ ನಡಿ, ಇಲ್ಲಿಯ ಬಚ್ಚಲು ಸರಿಯಿಲ್ಲ ಎಂದರು.

ಆಸ್ಪತ್ರೆಯವರೇ ಒಂದು ಹಾಸ್ಪಿಸ್ ಸಂಸ್ಥೆಯ ನಂಬರು ಕೊಟ್ಟಿದ್ದರು. ಗುಣವಾಗದ ರೋಗಿಗಳನ್ನು ಮನೆಗೇ ಬಂದು ನೋಡಿಕೊಳ್ಳುವವರು, ತೀರ ಕೈಮೀರಿದರೆ ತಮ್ಮ ಕೇಂದ್ರದಲ್ಲಿ ಹಾಸಿಗೆ ಕೊಡುವವರು. ಅಲ್ಲಿಂದ ವಾರಕ್ಕೆರಡು ಸಲ ಬರುತ್ತಿದ್ದವಳು ಸಿಸ್ಟರ್ ಭುವನೇಶ್ವರಿ. ಸೊಲ್ಲಾಪುರದ ಹೆಂಗಸು, ಅರ್ಧ ಕನ್ನಡ, ಅರ್ಧ ಮರಾಠಿ, ಪೂರ್ತಿ ಜೋರು. ಮೊದಲ ದಿನವೇ ಮಾರ್ಫಿನ್ ಗುಳಿಗೆಗಳನ್ನು ಸೌಮ್ಯಾಳ ಕೈಗೆ ಕೊಟ್ಟು ಹೇಳಿದಳು:

"ಬಾಯೀ, ಇದು ಘಡಿಯಾಳ ನೋಡಿ ಕೊಡೋ ಔಷಧ. ನೋವು ಬರೂದ್ರಾಗ ಗುಳಿಗಿ ಹೋಗಿರಬೇಕು. ನೋವು ಬಂದಮ್ಯಾಲ ಕೊಟ್ರ ಗಾಡಿ ಬಿಟ್ಟಮ್ಯಾಲ ಪ್ಲಾಟ್‌ಫಾರ್ಮಿನ್ಯಾಗ ಓಡಿಧಂಗ. ಕಳಲಂ ನಾ? ತಿಳೀತಿಲ್ಲೋ?"

ಸೌಮ್ಯಾಳಿಗೆ ತಿಳಿಯಿತು. ಅಪ್ಪನಿಗೂ ತಿಳಿಯಿತು. ಆದರೆ ರಾತ್ರಿಯ ಗುಳಿಗೆಯ ಬಲ ಮುಗಿಯುವುದು ನಸುಕಿಗೆ, ಮುಂದಿನದು ಹೋಗಬೇಕಾದದ್ದೂ ಆಗಲೇ. ಅಷ್ಟು ಹೊತ್ತಿಗೆ ಅಯ್ಯನವರ ಸ್ನಾನವಾಗಿರುತ್ತದೆಯೇ? ಪೂಜೆಯಾಗಿರುತ್ತದೆಯೇ? ಇಲ್ಲ. ಅಂದಮೇಲೆ ಬಾಯಿ ತೆರೆಯುವ ಮಾತೇ ಇಲ್ಲ.

ಬೆಳಗುಗಳನ್ನು ನೋಡಲಾಗುತ್ತಿರಲಿಲ್ಲ. ನೋವು ಅವರನ್ನು ಎಬ್ಬಿಸುತ್ತಿತ್ತು. ಸೌಮ್ಯಾ ಅವರನ್ನು ಎತ್ತಿ, ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸಿ, ನೀರು ಹಾಕಿ, ಒರೆಸಿ, ಮತ್ತೆ ಹಾಸಿಗೆಗೆ ತರುವಷ್ಟರಲ್ಲಿ ಅವರು ತುಟಿ ಕಚ್ಚಿ ಕಚ್ಚಿ ರಕ್ತ ಬಂದಿರುತ್ತಿತ್ತು. ಅಂಗೈಯ ಮೇಲೆ ಲಿಂಗ ಇಟ್ಟುಕೊಂಡರೆ ಕೈ ನಡುಗುತ್ತಿತ್ತು. ಬಿದ್ದೀತೆಂದು ತೆಗೆದಿಡುತ್ತಿದ್ದರು, ಪೂಜೆ ಮುಗಿಯಲಿಲ್ಲವೆಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಗುಳಿಗೆ ಬಾಯಿಗೆ ಬೀಳುವಾಗ ಬಿಸಿಲು ಏರಿರುತ್ತಿತ್ತು, ಅದು ನೋವನ್ನು ಹಿಡಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತಿತ್ತು. ಹೀಗೇ ಆದರೆ ಕೇಂದ್ರಕ್ಕೆ ಸೇರಿಸಬೇಕಾಗುತ್ತದೆ ಎಂದಳು ಭುವನೇಶ್ವರಿ. ಅಪ್ಪನಿಗೆ ಮನೆ ಬಿಡುವುದು ಬೇಕಿರಲಿಲ್ಲ. ಸೌಮ್ಯಾಳಿಗೆ ಬೇಕಾಗಿದ್ದದ್ದು ಇಷ್ಟೇ: ಉಳಿದಿರುವ ದಿನಗಳಲ್ಲಿ ಒಂದು ಬೆಳಗಾದರೂ ಅಪ್ಪ ನೋವಿಲ್ಲದೆ ಕಣ್ಣು ಬಿಡಬೇಕು.

ಭುವನೇಶ್ವರಿ ತನ್ನ ಕೈಲಾದದ್ದು ಮಾಡಿದಳು. ಬಾಯಿಗೆ ಹೋಗದ ಔಷಧ ಆದರೆ ಆಯಿತಲ್ಲ ಎಂದು ಚರ್ಮಕ್ಕೆ ಅಂಟಿಸುವ ಪಟ್ಟಿ ತಂದಳು. ಅದರ ಮೇಲೆ ಬಿಸಿ ನೀರು ಬೀಳಬಾರದಂತೆ. ಸುಡುಸುಡು ನೀರಿಲ್ಲದೆ ಸ್ನಾನವೇ ಆಗಲಿಲ್ಲ ಎನ್ನುವವರ ಮೈಮೇಲೆ ಆ ಪಟ್ಟಿ ಒಂದು ದಿನವೂ ಬಾಳಲಿಲ್ಲ. ಸೂಜಿಯಲ್ಲಿ ಕೊಡಬಹುದೇ ಎಂದರೆ, ನುಂಗಲು ಬರುವವರಿಗೆ ಈಗಲೇ ಚುಚ್ಚುವುದು ಬೇಡವೆಂದು ಸಂಸ್ಥೆಯ ಡಾಕ್ಟರು ಹೇಳಿದರಂತೆ. "ಆಜೋಬಾಗ ಬುದ್ಧಿ ಹೇಳೋ ಔಷಧ ಒಂದು ಬಂದ್ರ ತರ್ತೀನಿ" ಎಂದು ಚೀಲ ಹೆಗಲಿಗೇರಿಸಿದಳು.

ಆಗ ಸೌಮ್ಯಾ ಒಂದು ಉಪಾಯ ಹೂಡಿದಳು. ರಾತ್ರಿಯ ಗುಳಿಗೆಗೆ ಅಪ್ಪನ ತಕರಾರಿಲ್ಲ. ಹಾಗಾದರೆ ನಸುಕನ್ನೇ ರಾತ್ರಿ ಮಾಡಿದರೆ ಏನು ತಪ್ಪು? ಕಿಟಕಿಗೆ ಕಪ್ಪು ಚಾದರ ಬಿಗಿದಳು. ಗೋಡೆಯ ಗಡಿಯಾರದ ಸೆಲ್ ತೆಗೆದಳು. ಅಪ್ಪನ ಮೊಬೈಲನ್ನು ಚಾರ್ಜಿಂಗ್ ನೆಪ ಹೇಳಿ ಅಡುಗೆಮನೆಗೆ ಸಾಗಿಸಿದಳು. ನಸುಕಿನಲ್ಲಿ ಅವರು ಕಣ್ಣು ಬಿಡುತ್ತಿದ್ದಂತೆ ಗುಳಿಗೆ, ನೀರಿನ ಲೋಟ ಹಿಡಿದು ನಿಂತು, ಆಕಳಿಸುವ ನಟನೆಯನ್ನೂ ಮಾಡಿ ಹೇಳಿದಳು, "ಅಪ್ಪಾ, ಅಭೀ ರಾತ್ರಿನೇ ಐತಿ. ಒಂದು ಗುಳಿಗಿ ಉಳದಿತ್ತು, ತಗೋರಿ."

ಅಯ್ಯನವರು ಕೈ ಚಾಚಿದರು. ಆಗಲೇ ಸ್ಟೇಷನ್ ಕಡೆಯಿಂದ ಮೊದಲ ಲೋಕಲ್ ಕೂಗಿಕೊಂಡು, ಕಿಟಕಿಯ ಗಾಜು ಅದುರಿಸಿಕೊಂಡು ಹಾದುಹೋಯಿತು. ಚಾಚಿದ ಕೈ ಹಿಂದಕ್ಕೆ ಹೋಯಿತು.

"ಚಾದರ ಕಟ್ಟೀದಿ, ಘಡಿಯಾಳ ನಿಲ್ಲಿಸೀದಿ" ಎಂದರು, ನೋವಿನಲ್ಲೂ ಮೀಸೆಯಡಿ ನಗುತ್ತ. "ರೇಲ್ವೆದವರಿಗೆ ಹೇಳೋದು ಮರತೇನು?"

ಆ ದಿನದ ಬೆಳಗು ಉಳಿದೆಲ್ಲ ಬೆಳಗುಗಳಂತೆಯೇ ಆಯಿತು. ಸೌಮ್ಯಾ ಚಾದರ ಬಿಚ್ಚಿ ಮಡಿಸಿಟ್ಟಳು.

ಅಯ್ಯನವರ ಸುದ್ದಿ ಕೇಳಿ ಜನ ಬರುತ್ತಿದ್ದರು. ಹಾಗೆ ಬಂದವರಲ್ಲಿ ಸ್ಟೇಷನ್ ಹೊರಗೆ ಸೊಪ್ಪು ಮಾರುವ ಮಲ್ಲವ್ವಳೂ ಒಬ್ಬಳು. ಎರಡು ಸಿವುಡು ಮೆಂತ್ಯದ ಸೊಪ್ಪನ್ನು ಸೌಮ್ಯಾಳ ಕೈಗಿತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತಳು. ಬೆಳಗಿನ ಗುಳಿಗೆಯ ಕತೆಯನ್ನು ಸೌಮ್ಯಾ ಹೇಳಿದ್ದೇ ತಡ, ಅವಳ ಕಣ್ಣೀರು ಬತ್ತಿತು, ದನಿ ಏರಿತು.

"ಅಲ್ರಿ ಅಯ್ಯಾರ, ನಮ್ಮ ಮನಿಯವ್ರು ಹಾಸಿಗಿ ಹಿಡದಾಗ ನೀವ ಏನ ಹೇಳಿದ್ರಿ? ಔಷಧ ಅಂದ್ರ ಊಟ ಅಲ್ಲ, ಒದ್ದಿ ಕೈಲೆ ಹಣಿ ಮುಟ್ಟಿಸಿ ನುಂಗಸು, ಜಳಕ ಆಮ್ಯಾಲ ಅಂದ್ರಿ. ಅವ್ರು ಹೋಗೂತನಾ ನಾ ಹಂಗ ಮಾಡೀನಿ. ಈಗ ನಿಮಗ್ಯಾಕ ಬ್ಯಾರೆ ಕಾಯ್ದೆ?"

ಸೌಮ್ಯಾಳಿಗೆ ಮಲ್ಲವ್ವಳನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಇನ್ನು ಅಪ್ಪ ತಪ್ಪಿಸಿಕೊಳ್ಳಲಾರರು ಎಂದುಕೊಂಡಳು. ಅಯ್ಯನವರು ಮಾತ್ರ ಸ್ವಲ್ಪವೂ ಅಲುಗದೆ, "ಅದು ನಿನ್ನ ಗಂಡಗ ಕೊಟ್ಟ ಅಪ್ಪಣಿ. ನಾನ ನನಗ ಕೊಟಗೊಳ್ಳಾಕ ಬರೂದಿಲ್ಲ" ಎಂದರು.

"ಹಂಗಾದ್ರ ಯಾರು ಕೊಡಬೇಕ್ರಿ?"

"ಬ್ಯಾರೆ ಒಬ್ಬ ಅಯ್ಯ ಕೊಡಬೇಕು."

"ವಡಾಲದ ಅಯ್ಯಾರನ್ನ ಕರಸೂಣು?"

"ಅಂವಾ ರವಿವಾರ ಚಹಾ ಕುಡದು ಜಳಕ ಮಾಡ್ತಾನ."

"ದಹಿಸರದವರು?"

"ಅವನಿಗೆ ಲಿಂಗಾ ಕಟ್ಟಿದಂವನ ನಾನು. ಕೂಸಿದ್ದಾಗ ನನ್ನ ಧೋತರ ತೋಯಿಸ್ಯಾನ. ಅವನ ಕಡಿಂದ ಅಪ್ಪಣಿ ತಗೊಳ್ಳೇನು?"

ಇಡೀ ಮುಂಬೈಯಲ್ಲಿ ಅಪ್ಪಣೆ ಕೊಡಲು ಯೋಗ್ಯನಾದ ಅಯ್ಯ ಒಬ್ಬನೂ ಉಳಿಯಲಿಲ್ಲ. ಮಲ್ಲವ್ವ ಹಣೆ ಹಣೆ ಚಚ್ಚಿಕೊಂಡು, ಸೊಪ್ಪು ಬಾಡುವ ಮೊದಲು ಅಡುಗೆ ಮಾಡು ಮಗಳೇ ಎಂದು ಹೇಳಿ ಹೋದಳು.

ಅವಳನ್ನು ಕೆಳಗಿನವರೆಗೆ ಬಿಟ್ಟು ಬಂದ ಸೌಮ್ಯಾಳಿಗೆ ಸಿಟ್ಟು ನೆತ್ತಿಗೇರಿತ್ತು. ಸಾಯುತ್ತಿರುವ ಅಪ್ಪನ ಮೇಲೆ ಸಿಟ್ಟು ಮಾಡಬಾರದೆಂದು ಅಲ್ಲಿಯವರೆಗೆ ನುಂಗಿಕೊಂಡು ಬಂದದ್ದೆಲ್ಲ ಹೊರಗೆ ಬಂತು. ಬಾಯಿಗೆ ಮೊದಲು ಹಿಂದಿಯೇ ಬಂತು, ಅದಕ್ಕೆ ಕನ್ನಡ ಆಮೇಲೆ ಬಂದು ಸೇರಿಕೊಂಡಿತು.

"ಬಸ್ ಅಪ್ಪಾ! ಹದ್ ಹೋ ಗಯೀ! ದಿನಾ ಮುಂಜಾನೆ ನೀವು ನನ್ನ ಮುಂದ ಒದ್ದಾಡೋದು ನಾ ನೋಡಬೇಕು. ನೋಡಿ ನೋಡಿ ನಂದು ಜೀವ ಹೋಗ್ತದ. ನಿಮ್ಮ ಜಿದ್ದಿಗೆ ನನಗ ಯಾಕ ಶಿಕ್ಷಾ? ಊರ ಮಂದಿ ಮ್ಯಾಲೆಲ್ಲ ಕರುಣಾ ಬರ್ತದ, ನನ್ನ ಮ್ಯಾಲ ಯಾಕ ಬರಂಗಿಲ್ಲ?"

ಅಯ್ಯನವರು ಅವಳ ಕಡೆ ತಿರುಗಿದರು. ಮಧ್ಯಾಹ್ನದ ಗುಳಿಗೆ ಕೆಲಸ ಮಾಡುತ್ತಿದ್ದ ಹೊತ್ತು, ಮುಖ ತಿಳಿಯಾಗಿತ್ತು. ಹತ್ತಿರ ಕೂರುವಂತೆ ಕೈ ಸನ್ನೆ ಮಾಡಿದರು.

"ಜಿದ್ದು ಅಲ್ಲ, ಮಗಳ. ಮಂದಿಗೆ ನಾ ಏನಂತ ಹೇಳ್ತಿದ್ದೆ? ಉಳಿದದ್ದು ನನ್ನ ಮ್ಯಾಲ ಬಿಡು ಅಂತ. ಸುಮ್ನ ಬಾಯಿಮಾತಿಗೆ ಅಂದದ್ದಲ್ಲ ಅದು. ಕಾಶಪ್ಪ ಬಿಟ್ಟದ್ದು, ಮಲ್ಲವ್ವನ ಗಂಡ ಬಿಟ್ಟದ್ದು, ಎಲ್ಲಾ ನಾ ಮಾಡ್ತೀನಿ ಅಂತ ಹೊತ್ತುಕೊಂಡೀನಿ. ದಿನಾ ಅವರೆಲ್ಲಾರ ಹೆಸರಿಲೆ ನೀರು ಹಾಕೀನಿ. ಈಗ ನಾನೂ ಬಿಟ್ಟೆ ಅಂದ್ರ, ಅಷ್ಟೂ ಮಂದಿಗೆ ಸುಳ್ಳು ಹೇಳಿಧಂಗ ಆಗೂದಿಲ್ಲೇನು?"

ಸೌಮ್ಯಾಳ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ವರ್ಷ ಅವಳು ಇದನ್ನು ಅಪ್ಪನ ಠೀವಿ ಎಂದುಕೊಂಡಿದ್ದಳು, ಸ್ವಲ್ಪ ಒಣ ಜಂಭವೂ ಇದೆ ಎಂದುಕೊಂಡಿದ್ದಳು. ಬೆಳಗಾಗೆದ್ದು ಬಚ್ಚಲಿನಲ್ಲಿ ತಮ್ಮಷ್ಟಕ್ಕೆ ಹಾಡಿಕೊಂಡು ಸ್ನಾನ ಮಾಡುತ್ತಿದ್ದ ಮನುಷ್ಯ ಇಡೀ ಮುಂಬೈಯ ಬಿಟ್ಟುಹೋದ ಸ್ನಾನಗಳನ್ನೆಲ್ಲ ಮಾಡುತ್ತಿದ್ದರು ಎಂದು ಅವಳಿಗೆ ಹೊಳೆದಿರಲಿಲ್ಲ. ಅಪ್ಪನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು, ಅದರ ಹಿಂದೆಯೇ ಒಂದು ಯೋಚನೆಯೂ ಬಂತು.

"ಅವರೆಲ್ಲಾರ ಜೊತಿ ನನ್ನ ಹೆಸರೂ ಐತಿ?" ಎಂದು ಕೇಳಿದಳು.

"ನಿಂದ ಮೊದಲ ಐತಿ."

ಅವಳು ಎದ್ದು ಕಪಾಟಿನ ಹತ್ತಿರ ಹೋದಳು. ಸೀರೆಗಳ ಕೆಳಗಿನಿಂದ ತನ್ನ ಲಿಂಗದ ಕರಡಿಗೆಯನ್ನು ತೆಗೆದಳು. ಬೆಳ್ಳಿ ಕಪ್ಪಾಗಿತ್ತು, ದಾರ ಜೀರ್ಣವಾಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ನನಗ ಕೊಟ್ಟ ಅಪ್ಪಣಿ ನಾ ವಾಪಸ್ ಮಾಡ್ತೀನಿ. ನಾಳೆಯಿಂದ ನಂದು ನಾನೇ ಮಾಡ್ತೀನಿ, ನಿಮ್ಮದೂ ನಾನೇ ಮಾಡ್ತೀನಿ, ಅವರೆಲ್ಲಾರದೂ ಮಾಡ್ತೀನಿ. ನಂದು ಸೂಟಿ ಖಾಲಿ ಆಯ್ತಲ್ಲ, ಅದು ನೀವು ತಗೋರಿ. ಇನ್ನ ನಿಮ್ಮದು ನನ್ನ ಮ್ಯಾಲ ಬಿಡ್ರಿ."

ಅಯ್ಯನವರು ಅವಳನ್ನು ದಿಟ್ಟಿಸಿ ನೋಡಿದರು. ಹಿಂದೆ ಮುಂದೆ ಯೋಚಿಸಿದರು. ಇದರಲ್ಲಿ ಎಲ್ಲಿಯಾದರೂ ತೂತು ಇದೆಯೇ ಎಂದು ಹುಡುಕುತ್ತಿದ್ದಂತೆ ಕಂಡಿತು. ಕೊನೆಗೆ ಒಂದು ತೂತು ಸಿಕ್ಕಿತು.

"ಚಹಾ?" ಎಂದರು.

ಸೌಮ್ಯಾ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. "ಪೂಜಾ ಆದಮ್ಯಾಲ."

"ಒಂದು ಗುಟುಕೂ ಇಲ್ಲ?"

"ಇಲ್ಲ."

"ನಿನ್ನ ಕೈಲೆ ಆಗೂದಿಲ್ಲ. ಹಾಲಿನವನ ಸಂಗಟ ಜಗಳ ಆಡ್ತಿ, ಆಫೀಸಿನ್ಯಾಗ ಯಾರಿಗೋ ಹೊಡೀತಿ."

"ಹೊಡದ್ರ ಹೊಡೀತೀನಿ. ನಿಮಗೇನು?"

ಅಯ್ಯನವರು ನಕ್ಕರು. ನಗುತ್ತ ನಗುತ್ತ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೊಸ ದಾರ ಮೇಲಿನ ಪೆಟ್ಟಿಗೆಯಲ್ಲಿದೆ ಎಂದಷ್ಟೇ ಹೇಳಿದರು. ಸೌಮ್ಯಾ ಪೆಟ್ಟಿಗೆ ಇಳಿಸಿ ದಾರ ತಂದು ಕೊಟ್ಟಳು. ನಡುಗುವ ಬೆರಳಿನಿಂದ ಗಂಟು ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೊಡಿ, ನಾನು ಕಟ್ಟಿಕೊಳ್ಳುತ್ತೇನೆ ಎಂದರೆ ಕೇಳಲಿಲ್ಲ. ತಾವೇ ಅವಳ ಕೊರಳಿಗೆ ಕಟ್ಟಿದರು.

ಮರುದಿನ ನಸುಕಿನಲ್ಲಿ ನೋವು ಅವರನ್ನು ಎಬ್ಬಿಸಿದಾಗ ಸೌಮ್ಯಾ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಕಿಟಕಿಗೆ ಚಾದರವಿರಲಿಲ್ಲ, ಗಡಿಯಾರ ನಡೆಯುತ್ತಿತ್ತು. ತನ್ನ ಒದ್ದೆ ಬೆರಳುಗಳಿಂದ ಅಪ್ಪನ ಹಣೆ ಮುಟ್ಟಿದಳು. ಗುಳಿಗೆ ಮುಂದೆ ಹಿಡಿದಳು. ಅಯ್ಯನವರು ಅದನ್ನು ತೆಗೆದುಕೊಂಡು, ತುಟಿಯ ಹತ್ತಿರ ಒಯ್ದು ಅಲ್ಲೇ ನಿಲ್ಲಿಸಿದರು. ಇಡೀ ಆಯುಷ್ಯದಲ್ಲಿ ಆ ಹೊತ್ತಿನಲ್ಲಿ ಆ ಬಾಯಿಗೆ ಏನೂ ಹೋಗಿರಲಿಲ್ಲ. ಮಗುವಿನಂತೆ ಮಗಳ ಮುಖ ನೋಡಿದರು.

"ಹೂಂ?" ಎಂದು ಕೇಳಿದರು.

"ಹೂಂ," ಎಂದಳು ಸೌಮ್ಯಾ. ಆಮೇಲೆ ಅಪ್ಪನ ಗತ್ತಿನಲ್ಲೇ ಕಣ್ಣು ಮುಚ್ಚಿ, "ಅಪ್ಪಣಿ ಕೊಟ್ಟೀನಿ" ಎಂದಳು.

ಅವರು ನುಂಗಿದರು, ನೀರು ಕುಡಿದರು, ಗೋಡೆಯ ಕಡೆ ಮಗ್ಗುಲಾದರು. ಸೌಮ್ಯಾ ಬಚ್ಚಲಿಗೆ ಹೋದಳು.

ಸ್ನಾನವೇನೋ ಆಯಿತು. ಚಹಾ ಇಲ್ಲದ ತಲೆ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಬಡಿಯುತ್ತಿತ್ತು. ಒದ್ದೆ ಕೂದಲು ಗಂಟು ಕಟ್ಟಿಕೊಂಡು ಅಪ್ಪನ ಮಣೆಯ ಮೇಲೆ ಕುಳಿತಾಗ ನೆನಪಾದದ್ದು, ಪೂಜೆಯ ಕ್ರಮವೇ ಮರೆತುಹೋಗಿದೆ ಎಂದು. ವಿಭೂತಿ ಮೊದಲೋ, ನೀರು ಮೊದಲೋ? ಮೊಬೈಲಿನಲ್ಲಿ ಹುಡುಕಿ, ಯಾವುದೋ ಮಠದವರು ಹಾಕಿದ ವಿಡಿಯೋವನ್ನು ದನಿ ಸಣ್ಣ ಮಾಡಿ, ತಂಬಿಗೆಗೆ ಆನಿಸಿಟ್ಟು, ನೋಡಿಕೊಂಡು ಮಾಡತೊಡಗಿದಳು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ವಿಡಿಯೋ ನಿಲ್ಲಿಸುವುದು, ಮುಂದೆ ಓಡಿಸುವುದು. ಅಪ್ಪನ ಹೆಸರು ಹೇಳಿ ನೀರು ಹಾಕಿದಳು. ಕಾಶಪ್ಪನ ಹೆಸರು ಹೇಳಿ ಹಾಕಿದಳು. ತೀರಿಹೋದ ಮಲ್ಲವ್ವನ ಗಂಡನ ಹೆಸರು ಗೊತ್ತಿಲ್ಲದೆ "ಮಲ್ಲವ್ವನ ಯಜಮಾನರು" ಎಂದು ಹಾಕಿದಳು.

"ಗುರುಗಳು ಮೊಬೈಲಿನ್ಯಾಗ ಅದಾರೇನು?"

ತಿರುಗಿ ನೋಡಿದಳು. ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಅಪ್ಪ ಎಚ್ಚರವಾಗಿ ಮಲಗಿದ್ದರು, ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ತುಟಿ ಕಚ್ಚಿರಲಿಲ್ಲ. ಮೆಲ್ಲಗೆ ಸೊಂಟ ಸರಿಸಿ ನೋಡಿದರು, ಬೆನ್ನು ಒತ್ತಿ ನೋಡಿದರು. ಜೇಬಿನಲ್ಲಿದ್ದ ವಸ್ತು ಕಾಣದೆ ಮತ್ತೆ ಮತ್ತೆ ತಡಕುವವರ ಹಾಗೆ ನೋವನ್ನು ಹುಡುಕಿದರು. ಸಿಗಲಿಲ್ಲ.

"ವಿಭೂತಿ ಭಾಳ ಆಗೈತಿ" ಎಂದರು. "ಅದು ಲಿಂಗ, ಗ್ವಾಡಿ ಅಲ್ಲ, ಸುಣ್ಣಾ ಹಚ್ಚಾಕ."

ಸೌಮ್ಯಾಳಿಗೆ ಅಳು ಬಂತು, ನಗುವೂ ಬಂತು. ಪೂಜೆ ಮುಗಿಸಿ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಹಸಿದ ಹೊಟ್ಟೆಯಲ್ಲಿ ಎದ್ದಳು. ಅಪ್ಪನಿಗೆ ಈಗ ಸ್ನಾನ ಬೇಕಾಯಿತು. ಅವಸರವಿರಲಿಲ್ಲ. ಬಿಸಿ ನೀರಿನಲ್ಲಿ ಟವೆಲ್ ಅದ್ದಿ ಹಾಸಿಗೆಯಲ್ಲೇ ಮೈ ಒರೆಸಿದಳು, ಹಣೆಗೆ ವಿಭೂತಿ ಹಚ್ಚಿದಳು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಅವರು ತಮ್ಮ ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡರು. ನೋವಿಲ್ಲದಿದ್ದರೂ ಕೈಯಲ್ಲಿ ತ್ರಾಣವಿರಲಿಲ್ಲ, ಕೆಳಕ್ಕೆ ಜಗ್ಗುತ್ತಿತ್ತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಸೌಮ್ಯಾ ತನ್ನ ಅಂಗೈಯನ್ನು ಅವರ ಕೈಯ ಕೆಳಗೆ ಕೊಟ್ಟಳು. ಅವರು ಬೇಡ ಅನ್ನಲಿಲ್ಲ. ಅವಳ ಕೈಯ ಮೇಲೆ ಅವರ ಕೈ, ಅವರ ಕೈಯ ಮೇಲೆ ಲಿಂಗ. ನೀರು ಹಾಕಿದರು, ಒಂದು ಎಲೆ ಇಟ್ಟರು. ಆಮೇಲೆ ಬಹಳ ಹೊತ್ತು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕುಳಿತರು.

"ಇಷ್ಟು ದಿನಾ ಕೈಯಾಗ ಹಿಡಕೊಂಡು ಕುಂಡರ್ತಿದ್ದೆ, ಖರೆ," ಎಂದರು ಕೊನೆಗೆ. "ನೋಡತಿದ್ದದ್ದು ಬರೇ ನೋವನ್ನ. ಇವತ್ತ ದೇವರನ್ನ ನೋಡಿದೆ, ಮಗಳ."

ಸೌಮ್ಯಾ ತಲೆ ತಗ್ಗಿಸಿದಳು. ಎಷ್ಟು ತಡೆದರೂ ಅವಳ ಭುಜಗಳು ಕುಲುಕತೊಡಗಿದವು.

"ಅಳಬ್ಯಾಡ," ಎಂದರು ಅಯ್ಯನವರು, ಲಿಂಗದಿಂದ ಕಣ್ಣು ತೆಗೆಯದೆ. "ಕೈ ಅಳ್ಳಾಡತೈತಿ."

ಅವಳು ಉಸಿರು ಬಿಗಿ ಹಿಡಿದು ಕೈಯನ್ನು ಗಟ್ಟಿಯಾಗಿ ನಿಲ್ಲಿಸಿದಳು.